ಗಾದಿ ಹೊದ್ದ ಫ್ರಿಜ್ಜು

"ಮನ್ಯಾಗ ಎಷ್ಟು ಮಂದಿ ಅದೀರ್ರಿ?"

ರಾಣೆಬೆನ್ನೂರಿನ ಅಂಗಡಿಯವರು ನನ್ನನ್ನು ಕೇಳಿದ ಮೊದಲ ಪ್ರಶ್ನೆ ಇದು. ಫ್ರಿಜ್ ಕೊಳ್ಳಲು ಹೋದವನನ್ನು ಬಣ್ಣ ಯಾವುದು ಬೇಕೆಂದು ಕೇಳುತ್ತಾರೆ, ಬೀಗದ ಕೈ ಇರುವುದು ಬೇಕೋ ಬೇಡವೋ ಎಂದು ಕೇಳುತ್ತಾರೆ ಎಂದುಕೊಂಡು ಬಸ್ಸಿನಲ್ಲೇ ಉತ್ತರಗಳನ್ನು ಸಿದ್ಧಮಾಡಿಕೊಂಡಿದ್ದೆ. ಜನಗಣತಿಗೆ ಸಿದ್ಧನಾಗಿರಲಿಲ್ಲ.

"ಒಬ್ಬನ," ಎಂದೆ.

ಅಂಗಡಿಯವರು ಕೈಯಲ್ಲಿದ್ದ ಒರೆಸುವ ಬಟ್ಟೆಯನ್ನು ಕೆಳಗಿಟ್ಟರು. "ಒಬ್ಬರಿಗೆ ಅಂತ ಕಂಪನಿಯವರು ಮಾಡೂದಿಲ್ರಿ. ಎಲ್ಲಾಕಿಂತ ಸಣ್ಣದಂದ್ರ ನೂರಾ ಅರವತ್ತೈದು ಲೀಟರ್. ಗಂಡ, ಹೆಂಡ್ತಿ, ಎರಡು ಮಕ್ಕಳು." ಆ ಕುಟುಂಬ ಒಳಗೆ ಕುಳಿತಿದೆಯೇನೋ ಎಂಬಂತೆ ಬಾಗಿಲನ್ನು ಮೆಲ್ಲಗೆ ತೆರೆದು ತೋರಿಸಿದರು.

ನನ್ನ ಜೊತೆ ಬಂದಿದ್ದವರು ನಮ್ಮ ಶಾಲೆಯ ಡ್ರಾಯಿಂಗ್ ಮಾಸ್ತರರು. ಅಳತೆಯ ವಿಷಯದಲ್ಲಿ ತಮಗೊಂದು ಕಣ್ಣಿದೆ ಎಂಬುದು ಅವರ ನಂಬಿಕೆ. "ಆರು ಮಂದಿ ಅಂತ ತಿಳೀರಿ," ಎಂದು ನನ್ನ ಪರವಾಗಿ ಹೇಳಿಬಿಟ್ಟರು. "ಮಾಸ್ತರ ಲಗ್ನ ಇವತ್ತಲ್ಲ ನಾಳೆ ಆಗೂದ ಐತಿ. ಮನಿ ಕಟ್ಟೂ ಮುಂದ ಒಂದು ಖೋಲಿ ಹೆಚ್ಚಿಗಿ ಕಟ್ಟಸೂದಿಲ್ಲೇನು? ಹಂಗ."

ನನಗೆ ಆಗಲೇ ನಲವತ್ತು ದಾಟಿತ್ತು. ಅಂಗಡಿಯವರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ನನ್ನ ಭವಿಷ್ಯದ ಮೇಲೆ ಅವರಿಗೆ ಅಷ್ಟೇನೂ ವಿಶ್ವಾಸ ಹುಟ್ಟಿದಂತೆ ಕಾಣಲಿಲ್ಲ. ಆದರೆ ವ್ಯಾಪಾರದ ಮೇಲೆ ವಿಶ್ವಾಸವಿದ್ದವರಾದ್ದರಿಂದ ಮೂಲೆಯಲ್ಲಿ ನಿಂತಿದ್ದ ದೊಡ್ಡದರ ಕಡೆಗೆ ಕೈ ತೋರಿಸಿದರು. ಇನ್ನೂರ ಎಂಬತ್ತಾರು ಲೀಟರಿನದು. ಬಿಳಿಯ ಬಣ್ಣ. ಸಣ್ಣ ಗುಡಿಯ ಗರ್ಭಗೃಹದಷ್ಟಿತ್ತು.

"ಎಷ್ಟು ವರ್ಷ ಬಾಳಿಕಿ ಬರ್ತೈತ್ರಿ?" ಎಂದು ಕೇಳಿದೆ.

"ಹದಿನೈದು ವರ್ಷ ಕಣ್ಣು ಮುಚ್ಚಿಕೊಂಡು ಬರ್ತೈತಿ. ನಿಮಗಿಂತ ಹೆಚ್ಚಿಗಿ..." ಎಂದವರು ಅಲ್ಲಿಗೇ ತಡೆದು, ನಮ್ಮಿಬ್ಬರಿಗೂ ಚಹಾ ತರಿಸಿದರು.

ನಾನು ಬ್ಯಾಡಗಿಯ ಹೈಸ್ಕೂಲಿನಲ್ಲಿ ಇತಿಹಾಸದ ಮಾಸ್ತರನಾಗಿದ್ದೆ. ಮದುವೆಯಾಗಲಿಲ್ಲ, ಯಾಕೆ ಎಂದು ಬರೆಯಲು ಹೊರಟರೆ ಫ್ರಿಜ್ಜಿನ ವಿಷಯ ಹಿಂದೆ ಬೀಳುತ್ತದೆ, ಎರಡರಲ್ಲಿ ಫ್ರಿಜ್ಜಿನ ವಿಷಯವೇ ಹೆಚ್ಚು ಸ್ವಾರಸ್ಯದ್ದು. ತಾಯಿ ಇರುವವರೆಗೆ ಊಟದ ಚಿಂತೆ ಇರಲಿಲ್ಲ. ಅವಳು ಹೋದ ಮೇಲೆ ಬಸ್‌ಸ್ಟ್ಯಾಂಡಿನ ಹತ್ತಿರದ ಖಾನಾವಳಿಯಲ್ಲಿ ಉಣ್ಣುತ್ತಿದ್ದೆ. ಅದರ ಯಜಮಾನ ಒಂದು ದಿನ ಒಲೆ ಆರಿಸಿ ಮೆಣಸಿನಕಾಯಿ ವ್ಯಾಪಾರಕ್ಕೆ ಇಳಿದ. ಬ್ಯಾಡಗಿಯಲ್ಲಿ ಮನುಷ್ಯ ಎಲ್ಲಿಂದ ಹೊರಟರೂ ಕೊನೆಗೆ ಮೆಣಸಿನಕಾಯಿಗೇ ಬಂದು ಮುಟ್ಟುತ್ತಾನೆ, ಆದ್ದರಿಂದ ಅವನ ಮೇಲೆ ನನಗೆ ಸಿಟ್ಟಿಲ್ಲ.

ಆಮೇಲೆ ನಾನೇ ಅಡಿಗೆಗೆ ನಿಂತೆ. ಒಬ್ಬನಿಗೆ ಅಡಿಗೆ ಮಾಡುವುದು ಆಗದ ಮಾತು ಎಂಬುದು ಆಗ ತಿಳಿಯಿತು. ಒಂದು ಹಿಡಿ ಬೇಳೆ ಕುದಿಯುವುದಕ್ಕೂ ಅಷ್ಟೇ ಸೀಮೆಎಣ್ಣೆ, ನಾಲ್ಕು ಹಿಡಿ ಕುದಿಯುವುದಕ್ಕೂ ಹೆಚ್ಚು ಕಡಿಮೆ ಅಷ್ಟೇ. ಒಂದೇ ಬದನೆಕಾಯಿ ಕೇಳಿದರೆ ಸಂತೆಯ ಹೆಂಗಸು ಮುಖ ನೋಡುತ್ತಾಳೆ. ಬೆಳಿಗ್ಗೆ ಮಾಡಿದ ಸಾರು ಬೇಸಿಗೆಯಲ್ಲಿ ಸಂಜೆಗೇ ಹಳಸುತ್ತಿತ್ತು. ಇಂಥ ಬಿಕ್ಕಟ್ಟಿನಲ್ಲಿ ದೊಡ್ಡ ದೊಡ್ಡ ರಾಜ್ಯಗಳೇ ಹೊಸ ನೀತಿ ಹಿಡಿದಿವೆ. ನಾನು ಫ್ರಿಜ್ ಹಿಡಿದೆ.

ಟೆಂಪೋದಲ್ಲಿ ಅದನ್ನು ಮಲಗಿಸಬಾರದು, ನಿಲ್ಲಿಸಿಯೇ ಒಯ್ಯಬೇಕು ಎಂದು ಅಂಗಡಿಯವರು ಹೇಳಿದ್ದರಿಂದ ಡ್ರಾಯಿಂಗ್ ಮಾಸ್ತರರು ರಾಣೆಬೆನ್ನೂರಿನಿಂದ ಬ್ಯಾಡಗಿಯವರೆಗೂ ಅದನ್ನು ತಬ್ಬಿಕೊಂಡು ನಿಂತರು. ದಾರಿಯ ಜನ ಯಾರೋ ಹಿರಿಯರ ಮೂರ್ತಿ ಬರುತ್ತಿದೆ ಎಂದು ತಿಳಿದು ಬದಿಗೆ ಸರಿದರು. ಮನೆ ಮುಟ್ಟಿದ ಮೇಲೆ ಒಂದು ಸತ್ಯ ಬೆಳಕಿಗೆ ಬಂತು. ಅಡಿಗೆಮನೆಯ ಬಾಗಿಲು ಫ್ರಿಜ್ಜಿಗಿಂತ ಮೂರು ಬೆರಳು ಕಿರಿದು. ಅಳತೆಯ ಕಣ್ಣುಳ್ಳವರು ಬಾಗಿಲನ್ನು ನೋಡಿದರು, ಫ್ರಿಜ್ಜನ್ನು ನೋಡಿದರು, "ಬಾಗಿಲು ತಪ್ಪು ಐತಿ" ಎಂದು ತೀರ್ಪು ಕೊಟ್ಟು ಮನೆಗೆ ಹೋದರು. ಫ್ರಿಜ್ ಕೊಳ್ಳುವವರಿಗೆ ನನ್ನದೊಂದೇ ಉಪದೇಶ: ಮೊದಲು ಬಾಗಿಲು ಅಳೆಯಿರಿ, ಆಮೇಲೆ ಹಿಂದೆ ಗಾಳಿಯಾಡುವಷ್ಟು ಜಾಗ ಅಳೆಯಿರಿ, ಮಂದಿಯನ್ನು ಕೊನೆಗೆ ಅಳೆಯಿರಿ. ಮಂದಿ ಹೇಗೂ ಬದಲಾಗುತ್ತಾರೆ.

ಹೀಗೆ ಅದು ಪಡಸಾಲೆಯಲ್ಲಿ, ಬೀದಿಬಾಗಿಲಿಗೆ ಎದುರಾಗಿ ನಿಂತಿತು. ಅಡಿಗೆಮನೆಯಲ್ಲಿದ್ದಿದ್ದರೆ ನನ್ನದಾಗಿರುತ್ತಿತ್ತು. ಪಡಸಾಲೆಯಲ್ಲಿದ್ದುದರಿಂದ ಓಣಿಯದಾಯಿತು.

ಆ ಕಾಲಕ್ಕೆ ನಮ್ಮ ಓಣಿಯಲ್ಲಿ ಅದೊಂದೇ ಫ್ರಿಜ್. ಮೊದಲು ಹಿಟ್ಟು ಬಂತು, ಆಮೇಲೆ ಬೆಣ್ಣೆ, ಆಮೇಲೆ ಹಬ್ಬದ ಹಿಂದಿನ ದಿನ ಮಲ್ಲಿಗೆಯ ದಂಡೆ, ಬಾಣಂತಿಯ ಮನೆಯ ತುಪ್ಪ. ಒಬ್ಬ ವ್ಯಾಪಾರಿ ಪತ್ರಿಕೆ ಸುತ್ತಿದ ಬಾಟಲಿಯೊಂದನ್ನು ತಂದು ಹಿಂದುಗಡೆ ಇಟ್ಟ. ಅದೇನೆಂದು ನಾನು ಕೇಳಲಿಲ್ಲ, ಅವನೂ ಹೇಳಲಿಲ್ಲ, ಆ ವಾರ ನಮ್ಮಿಬ್ಬರ ಸಂಬಂಧ ಬಹಳ ಗೌರವದಿಂದ ಕೂಡಿತ್ತು. ನಮ್ಮ ಕಡೆ ಪರರ ಮನೆಯ ಪಾತ್ರೆಯನ್ನು ಖಾಲಿ ಕಳಿಸುವುದಿಲ್ಲ. ಆ ಪದ್ಧತಿಯನ್ನು ಓಣಿಯವರು ನನ್ನ ಫ್ರಿಜ್ಜಿಗೂ ಅನ್ವಯಿಸಿದರು. ಹಿಟ್ಟು ಒಯ್ಯುವವರು ಒಂದು ಬಟ್ಟಲು ಪಲ್ಯ ಬಿಟ್ಟು ಹೋಗುವರು, ಬೆಣ್ಣೆ ಒಯ್ಯುವವರು ನಾಲ್ಕು ರೊಟ್ಟಿ. ಅಡಿಗೆ ಉಳಿಸಿಕೊಳ್ಳಲೆಂದು ಫ್ರಿಜ್ ತಂದವನು ಅಡಿಗೆ ಮಾಡುವುದನ್ನೇ ಬಿಟ್ಟೆ.

ಅದರ ರೋಗಗಳೂ ಊರಿಗೆ ತಕ್ಕಂತಿದ್ದವು. ಕರೆಂಟು ಏರಿಳಿಯುತ್ತಿದ್ದುದರಿಂದ ಪಕ್ಕದಲ್ಲಿ ಸ್ಟೆಬಿಲೈಜರ್ ಎಂಬ ಪೆಟ್ಟಿಗೆ ಇರಬೇಕಾಗಿತ್ತು. ಅದು ಟಕ್ ಎಂದಾಗಲೆಲ್ಲ ಹೊಸಬರು ಬೆಚ್ಚಿ ಬೀಳುವರು. ಸೀಸನ್ನಿನಲ್ಲಿ ಮಾರ್ಕೆಟ್ಟಿನ ಕಡೆಯಿಂದ ಮೆಣಸಿನಕಾಯಿಯ ಧೂಳು ಬಂದು ಹಿಂದಿನ ಜಾಲರಿಯ ಮೇಲೆ ಕೆಂಪಗೆ ಕೂರುತ್ತಿತ್ತು. ಹಾವೇರಿಯಿಂದ ಬರುತ್ತಿದ್ದ ಮೆಕ್ಯಾನಿಕ್ ಹಿಂದೆ ಬಗ್ಗಿ, ಸಾಕಾಗುವಷ್ಟು ಸೀನಿ, ಕಣ್ಣೊರೆಸಿಕೊಂಡು, "ಗ್ಯಾಸ್ ಹೋಗೇತ್ರಿ" ಎನ್ನುತ್ತಿದ್ದ. ಒಳಗೆ ನೀರು ನಿಂತರೂ ಗ್ಯಾಸ್, ದೀಪ ಹತ್ತದಿದ್ದರೂ ಗ್ಯಾಸ್, ಕಾಲು ಅಲುಗಾಡಿದರೂ ಗ್ಯಾಸ್. ಜೋಯಿಸರಿಗೆ ಶನಿ ಇದ್ದಂತೆ ಅವನಿಗೆ ಗ್ಯಾಸ್.

ತೊಂಬತ್ತರ ದಶಕ ಬಂದಂತೆ ಓಣಿಯ ಮನೆಗಳಿಗೆ ಒಂದೊಂದಾಗಿ ಫ್ರಿಜ್ ಬಂದವು. ಮೆಣಸಿನಕಾಯಿಗೆ ಒಳ್ಳೆಯ ಧಾರಣೆ ಬಂದ ವರ್ಷ ಎರಡು ಮನೆಗೆ, ಮಗಳ ಮದುವೆಯ ಉಡುಗೊರೆ ನೋಡಿ ಆಸೆಪಟ್ಟು ಮತ್ತೊಂದು ಮನೆಗೆ. ಪ್ರತಿಯೊಬ್ಬರೂ ನನ್ನನ್ನು ಕರೆದು ಪೇಢೆ ಕೊಟ್ಟರು. ಪ್ರತಿಯೊಂದು ಪೇಢೆಯೊಂದಿಗೆ ನನ್ನ ಫ್ರಿಜ್ಜಿನ ಒಂದು ಅಂತಸ್ತು ಖಾಲಿಯಾಯಿತು. ಪ್ರಾಂತಗಳು ಸ್ವತಂತ್ರವಾಗುವುದನ್ನು ನಾನು ಪಾಠದಲ್ಲಿ ಬಹಳ ಉತ್ಸಾಹದಿಂದ ಹೇಳುತ್ತಿದ್ದೆ. ಬಿಟ್ಟು ಹೋಗಲ್ಪಟ್ಟ ರಾಜಧಾನಿಯ ಪರವಾಗಿ ಯೋಚಿಸಿದ್ದು ಆಗಲೇ.

ಕೊನೆಗೆ ಉಳಿದವರು ಪಕ್ಕದ ಮನೆಯ ಚಾಚಿ ಒಬ್ಬರೇ.

ಓಣಿಯವರೆಲ್ಲ ಅವರನ್ನು ಚಾಚಿ ಎನ್ನುತ್ತಿದ್ದರು. ಅರವತ್ತರ ಆಚೆಯವರು, ಗಂಡ ಇರಲಿಲ್ಲ. ಮನೆತನದ ಕಸುಬು ಹತ್ತಿ ಹಿಂಜಿ ಗಾದಿ ಹೊಲಿಯುವುದು. ಮಗ ಪೇಟೆಯಲ್ಲಿ ಗಾದಿಯ ಅಂಗಡಿ ನಡೆಸುತ್ತಿದ್ದ. ಚಾಚಿಗೆ ಸಕ್ಕರೆ ಕಾಯಿಲೆ ಏರಿ ಡಾಕ್ಟರರು ಇನ್ಸುಲಿನ್ ಬರೆದಾಗ, ಅದನ್ನು ತಂಪಿನಲ್ಲಿಡಬೇಕೆಂದು ನನ್ನಲ್ಲಿಗೆ ತಂದರು. ನನ್ನದು ಶಾಕಾಹಾರಿ ಮನೆ. ಬಾಗಿಲಿನ ಒಳಮೈಯಲ್ಲಿ ಮೊಟ್ಟೆಗಳಿಗೆಂದು ಮಾಡಿದ ಕುಳಿಗಳು ಕೊಂಡ ದಿನದಿಂದ ಬರಿದಾಗಿದ್ದವು. ಇನ್ಸುಲಿನ್ನಿನ ಸಣ್ಣ ಶೀಶೆ ಅದರಲ್ಲಿ ಸರಿಯಾಗಿ ಕೂತಿತು.

"ಇದಕ್ಕಂತನ ಮಾಡಿದಾಂಗ ಐತಿ ನೋಡ್ರಿ ಮಾಸ್ತರ," ಎಂದು ಚಾಚಿ ಸಂತೋಷಪಟ್ಟರು.

ಬೆಳಿಗ್ಗೆ ಬಂದು ಶೀಶೆ ಒಯ್ಯುವರು, ಸೂಜಿ ಚುಚ್ಚಿಕೊಂಡು ತಂದಿಡುವರು. ಸಂಜೆ ಮತ್ತೆ ಹಾಗೆಯೇ. ಬಂದಾಗಲೆಲ್ಲ ಫ್ರಿಜ್ಜಿನ ತಪಾಸಣೆ ನಡೆಯುತ್ತಿತ್ತು. ನಮ್ಮ ಶಾಲೆಗೆ ಬರುತ್ತಿದ್ದ ಇನ್‌ಸ್ಪೆಕ್ಟರರು ಅಷ್ಟು ನಿಷ್ಠೆಯಿಂದ ಏನನ್ನೂ ನೋಡಿದ್ದು ನನಗೆ ನೆನಪಿಲ್ಲ.

"ಮಾಸ್ತರ, ಈ ಸಾರು ಸ್ವಾಮಾರದ್ದಲ್ಲೇನು?"

"ಹೌದ್ರಿ."

"ಇವತ್ತು ಗುರುವಾರ."

"ಫ್ರಿಜ್ಜಿನೊಳಗ ಇನ್ನೂ ಸ್ವಾಮಾರನ ಐತ್ರಿ ಚಾಚಿ. ಅದಕ್ಕ ಅಲ್ಲೇನು ಅದನ್ನ ತಂದದ್ದು?"

"ನಿಮ್ಮ ಹೊಟ್ಟಿಯೊಳಗ ಯಾವ ವಾರ ಆಗ್ತೈತಿ ಅಂತ ಡಾಕ್ಟರನ್ನ ಕೇಳ್ರಿ. ಚೆಲ್ರಿ ಅದನ್ನ! ಗಂಡಸರು ಒಬ್ಬರ ಇದ್ರ ಹಿಂಗ ನೋಡ್ರಿ, ಹಳಸಿದ್ದಕ್ಕೂ ಇತಿಹಾಸ ಹಚ್ತಾರ."

ದಿನದಲ್ಲಿ ನನ್ನೊಂದಿಗೆ ಪಾಠ, ಹಾಜರಿ, ಛೀಮಾರಿ ಇವುಗಳನ್ನು ಬಿಟ್ಟು ಮಾತಾಡುತ್ತಿದ್ದವರು ಚಾಚಿ ಒಬ್ಬರೇ. ಸಂಜೆ ಶಾಲೆ ಬಿಟ್ಟ ಮೇಲೆ ಬೇರೆ ಮಾಸ್ತರರು ಪೇಟೆ ಸುತ್ತಿ ಬರೋಣವೆಂದರೆ ನಾನು ಮನೆಗೆ ಹೊರಡುತ್ತಿದ್ದೆ. "ಯಾರರ ಬರಾವರು ಅದಾರೇನು?" ಎಂದು ಡ್ರಾಯಿಂಗ್ ಮಾಸ್ತರರು ಕಣ್ಣು ಕಿರಿದು ಮಾಡಿ ಕೇಳುತ್ತಿದ್ದರು. "ಔಷಧ ಕೊಡೂದೈತಿ" ಎಂದು ನಾನು ಡಾಕ್ಟರನ ಗಾಂಭೀರ್ಯದಿಂದ ಹೇಳುತ್ತಿದ್ದೆ. ಚಾಚಿಯ ಕೈಯಲ್ಲಿ ಬಾಗಿಲ ಚಿಲಕ ಬಡಿದುಕೊಳ್ಳುವ ಆ ಎರಡು ಹೊತ್ತಿಗಾಗಿ ಉಳಿದ ದಿನ ಇದೆ ಎಂದು ನನಗೆ ಅನ್ನಿಸತೊಡಗಿತ್ತು. ಅದನ್ನು ಯಾರಿಗೂ ಹೇಳುವಂತಿರಲಿಲ್ಲ. ಹೇಳಲು ಯಾರೂ ಇರಲೂ ಇಲ್ಲ.

ಒಂದು ಸಂಜೆ ಶೀಶೆ ಇಡುವಾಗ ಫ್ರಿಜ್ಜಿನ ಮೋಟರು ನಿಂತಿತು. ನಿಲ್ಲುವಾಗ ಅದು ಒಮ್ಮೆ ಗಡಗಡ ನಡುಗುತ್ತಿತ್ತು. ಚಾಚಿ ಅದರ ಮೈಮೇಲೆ ಕೈಯಿಟ್ಟು ನೋಡಿದರು.

"ಹೊರಗಿನ ಮೈಯೂ ತಣ್ಣಗೈತಲ್ಲ ಮಾಸ್ತರ. ತಂಪೆಲ್ಲಾ ಹೊರಗ ಸೋರಾಕತ್ತೈತಿ. ಐಸ್ ಮಾರಾಂವ ಐಸಿಗೆ ಗೋಣಿ ಸುತ್ತಾಂಗಿಲ್ಲೇನು? ಹಂಗ ಬರೀ ಮೈಲೆ ನಿಂದರಿಸಿದ್ರ ಹೆಂಗ?"

ತರ್ಕದಲ್ಲಿ ನನಗೆ ಯಾವ ದೋಷವೂ ಕಾಣಲಿಲ್ಲ. ಮರುದಿನ ಮಗ ಟೇಪು ಹಿಡಿದು ಬಂದ. ಕೋಟಿಗೆ ಅಳತೆ ತೆಗೆಯುವಂತೆ ಫ್ರಿಜ್ಜಿನ ಭುಜ, ಎದೆ, ಬೆನ್ನು ಎಲ್ಲ ಅಳೆದ. ಕೆಲವು ದಿನಗಳಲ್ಲಿ ಗಾದಿ ಬಂತು. ಕೆಂಪು ಪಟ್ಟೆಯ ದಪ್ಪ ಬಟ್ಟೆ, ಒಳಗೆ ಹೊಸದಾಗಿ ಹಿಂಜಿದ ಹತ್ತಿ, ಅಂಗೈಗೊಂದರಂತೆ ದಪ್ಪ ದಾರದ ಹೊಲಿಗೆ, ಗಟ್ಟಿ ಟಾಕಿ. ಹಿಡಿಕೆಗೆ ಕಿಂಡಿ, ಕಟ್ಟಲು ಲಾಡಿ. ಬಾಗಿಲಿಗೂ ಎರಡು ಪಕ್ಕಕ್ಕೂ ಬೆನ್ನಿಗೂ ಬಿಗಿಯಾಗಿ ಕೂತಿತು. ಸ್ಟೆಬಿಲೈಜರಿಗೆ ಕೂಡ ಉಳಿದ ಬಟ್ಟೆಯಲ್ಲಿ ಒಂದು ಸಣ್ಣ ದಿಂಬು.

"ಅಮ್ಮಾನ ಟಾಕಿ ಹಾಕ್ಯಾಳ್ರಿ," ಎಂದ ಮಗ. "ಅಂಗಡಿ ಕೆಲಸ ಬಿಡಿಸಿ ಕೂತಾಳ. ಮಾಸ್ತರ ಫ್ರಿಜ್ಜಿಗೆ ಬ್ಯಾರೆ ಯಾರೂ ಕೈ ಹಚ್ಚಬಾರದು ಅಂದ್ಲು."

ಓಣಿಯವರು ಬಂದು ನೋಡಿ ಹೋದರು. ನನಗಾಗಿ ಯಾರಾದರೂ ಏನನ್ನಾದರೂ ಹೊಲಿದದ್ದು ತಾಯಿಯ ಕೌದಿಯೇ ಕೊನೆ, ಆಮೇಲೆ ಇದೇ. ಫ್ರಿಜ್ಜಿಗೆ ಎಂಬುದು ನಿಜ, ಆದರೆ ನಾನು ಅಷ್ಟು ಸೂಕ್ಷ್ಮ ನೋಡಲು ಹೋಗಲಿಲ್ಲ. ಅಂದಿನಿಂದ ಮೋಟರು ನಿಲ್ಲುವುದೇ ಅಪರೂಪವಾಯಿತು. ಅದಕ್ಕೂ ಉಮೇದು ಬಂದಿದೆ ಎಂದು ತಿಳಿದೆ. ಗಾದಿಯೊಳಗೆ ಕೈ ಹಾಕಿದರೆ ಬೆಚ್ಚಗಿರುತ್ತಿತ್ತು. ಗಾದಿ ಎಂದ ಮೇಲೆ ಬೆಚ್ಚಗಿರಲೇಬೇಕು ಎಂದುಕೊಂಡೆ.

ಮುಂದಿನ ಬೇಸಿಗೆಯ ಒಂದು ಮುಂಜಾನೆ ಚಾಚಿ ಬಾಗಿಲು ತೆರೆದು, "ಮಾಸ್ತರ, ಇದು ಸುಮ್ಮನಾಗೇತಲ್ಲ," ಎಂದರು. ಹಾಲು ಒಡೆದಿತ್ತು. ಶೀಶೆ ಕೈಗೆ ಬೆಚ್ಚಗೆ ತಾಗುತ್ತಿತ್ತು.

ಹಾವೇರಿಗೆ ಹೇಳಿಕಳಿಸಿದೆ. ಮೆಕ್ಯಾನಿಕ್ ಮಧ್ಯಾಹ್ನ ಬಂದು ಲಾಡಿ ಬಿಚ್ಚಿದ. ಬೆನ್ನಿನ ಗಾದಿ ತೆಗೆದವನು ಸೀನುವುದನ್ನೂ ಮರೆತು ನಿಂತುಬಿಟ್ಟ. ಜಾಲರಿಯ ಮೇಲೆ ಹತ್ತಿಯ ಎಳೆ, ಮೆಣಸಿನಕಾಯಿಯ ಧೂಳು ಸೇರಿ ಕೆಂಪು ಕಂಬಳಿಯಂತೆ ಹೆಪ್ಪುಗಟ್ಟಿತ್ತು. ಒಂದು ಕಡೆ ಬಟ್ಟೆ ಕಂದಿತ್ತು.

"ಮಾಸ್ತರ, ಇದಕ್ಕ ಗಾದಿ ಹೊಚ್ಚಿದವರು ಯಾರ್ರಿ?" ಎಂದ. "ಒಳಗಿನ ಕಾವು ಈ ಬೆನ್ನಿನಿಂದನ ಹೊರಗ ಹೋಗಬೇಕ್ರಿ. ಬೆನ್ನಿಗೆ ಗಾಳಿ ಇಲ್ಲಂದ್ರ ಮೋಟರ್ ಓಡಿ ಓಡಿ ಸಾಯತೈತಿ. ಕಂಪ್ರೆಸರ್ ಸುಟ್ಟೇತಿ. ಇನ್ನೂ ಏಳೆಂಟು ವರ್ಷ ಬಾಳೂ ಫ್ರಿಜ್ ಇದು. ಬೇಸಗ್ಯಾಗ ಮನಿಷ್ಯಾಗ ಗಾದಿ ಸುತ್ತಿ ಹೊಲಿದ್ರ..."

ಬಾಗಿಲಲ್ಲಿ ಚಾಚಿ ನಿಂತಿದ್ದರು. ಯಾವಾಗ ಬಂದರೋ, ಎಷ್ಟು ಕೇಳಿಸಿತೋ ತಿಳಿಯಲಿಲ್ಲ.

"ಏನಾತ್ರಿ ಅದಕ್ಕ?"

ಮೆಕ್ಯಾನಿಕ್ ಬಾಯಿ ತೆರೆದ. ನಾನು ಅವನ ಮುಖ ನೋಡಿದೆ. ಮೂವತ್ತು ಮಂದಿ ಹುಡುಗರ ಗದ್ದಲ ನಿಲ್ಲಿಸುವ ನೋಟ ಅದು. ಬೇರೆ ಕಡೆ ಅಷ್ಟು ಉಪಯೋಗಕ್ಕೆ ಬಂದದ್ದಿಲ್ಲ. ಅವನು ಒಮ್ಮೆ ಗಾದಿಯನ್ನು ನೋಡಿದ, ಒಮ್ಮೆ ಚಾಚಿಯನ್ನು ನೋಡಿದ.

"ಗ್ಯಾಸ್ ಹೋಗೇತ್ರಿ," ಎಂದ.

"ಆಯುಷ್ಯ ಮುಗಿದಿತ್ತು ಚಾಚಿ," ಎಂದು ನಾನೂ ಸೇರಿಸಿದೆ. "ಅದಕ್ಕೂ ವಯಸ್ಸಾಗಿತ್ತು."

ಚಾಚಿ ಬಂದು ನೆಲದ ಮೇಲೆ ಬಿದ್ದಿದ್ದ ಗಾದಿಯನ್ನು ಮಡಚಿದರು. "ನಮ್ಮ ಮನಿಯವರೂ ಹಿಂಗ ಹೋದ್ರು. ರಾತ್ರಿ ಚೊಲೋ ಇದ್ರು. ಎಷ್ಟು ಜೋಪಾನ ಮಾಡಿದ್ರೂ ಇಷ್ಟ ನೋಡ್ರಿ," ಎಂದರು. ಕಂದಿದ ಬಟ್ಟೆಯ ಮೇಲೆ ಅವರ ಕೈ ಸ್ವಲ್ಪ ಹೊತ್ತು ನಿಂತಿತ್ತು.

ಹೊಸ ಕಂಪ್ರೆಸರ್ ಹಾಕಿಸುತ್ತೇನೆ, ಅದು ಬರುವವರೆಗೆ ಹೇಗಾದರೂ ನಡೆಸಿರಿ ಎಂದು ನಾನು ಚಾಚಿಗೆ ಹೇಳಿದೆ. ಅವರು ಮಣ್ಣಿನ ಹರವಿಯಲ್ಲಿ ಹಸಿ ಮರಳು ತುಂಬಿ ಶೀಶೆಯನ್ನು ಅದರ ನಡುವೆ ಇಟ್ಟರು. ಕಂಪ್ರೆಸರ್ ಹುಬ್ಬಳ್ಳಿಯಿಂದ ಬರಬೇಕಾಗಿತ್ತು. ಮೆಕ್ಯಾನಿಕ್ ನಾಳೆ ಎಂದ, ನಾಡಿದ್ದು ಎಂದ, ಹಬ್ಬ ಆಗಲಿ ಎಂದ. ತಾಯಿಯ ಔಷಧವನ್ನು ಬೇಸಿಗೆಯಲ್ಲಿ ಮರಳಿಗೆ ಒಪ್ಪಿಸಿ ಎಷ್ಟು ದಿನ ಕೂರುತ್ತಾನೆ ಮಗ? ರಾಣೆಬೆನ್ನೂರಿಗೆ ಹೋಗಿ ನೂರಾ ಅರವತ್ತೈದು ಲೀಟರಿನದೊಂದು ತಂದ. ಪೇಢೆ ಕೊಡಲು ಚಾಚಿಯೇ ಬಂದರು.

"ಇನ್ನ ನಿಮಗ ತ್ರಾಸಿಲ್ಲ ಮಾಸ್ತರ. ದಿನಾ ಬಾಗಿಲು ಬಡದು ಬಡದು ಸಾಕು ಮಾಡಿದ್ದೆ."

"ತ್ರಾಸೇನೂ ಇರಲಿಲ್ರಿ," ಎಂದೆ. ಸಭ್ಯತೆಯ ಮಾತು ಮತ್ತು ನಿಜವಾದ ಮಾತು ಒಂದೇ ಶಬ್ದಗಳಲ್ಲಿ ಇದ್ದುಬಿಟ್ಟರೆ ಬಹಳ ಕಷ್ಟ. ಕೇಳಿದವರು ಸಭ್ಯತೆಯನ್ನೇ ತೆಗೆದುಕೊಂಡು ಹೋಗುತ್ತಾರೆ.

ಅದಾದ ವಾರಕ್ಕೆ ನನ್ನ ಕಂಪ್ರೆಸರ್ ಬಂತು. ಫ್ರಿಜ್ ಹಿಂದೆಂದೂ ಇಲ್ಲದಷ್ಟು ಚೆನ್ನಾಗಿ ನಡೆಯತೊಡಗಿತು. ಒಳಗೆ ತಣ್ಣಗಾಗುವುದಕ್ಕೇ ಏನೂ ಇರಲಿಲ್ಲ. ಪೂರಾ ಖಾಲಿ ಬಿಡಬೇಡಿರಿ, ಏನಾದರೂ ಇದ್ದರೆ ಒಳಗಿನ ತಂಪು ನಿಲ್ಲುತ್ತದೆ ಎಂದು ಮೆಕ್ಯಾನಿಕ್ ಹೇಳಿದ್ದರಿಂದ ಬಾಟಲಿಗಳಲ್ಲಿ ನೀರು ತುಂಬಿ ಅಂತಸ್ತಿನ ಮೇಲೆ ಅಂತಸ್ತು ಜೋಡಿಸಿದೆ. ಅಷ್ಟು ತಣ್ಣೀರು ಕುಡಿಯುವ ಬಾಯಿ ಮನೆಯಲ್ಲಿರಲಿಲ್ಲ. ಬಾಗಿಲು ತೆರೆದರೆ ಬಾಟಲಿಗಳು ಸಾಲಾಗಿ ನಿಂತಿರುತ್ತಿದ್ದವು, ಹಾಜರಿ ಕರೆಯಲಿ ಎಂದು ಕಾಯುವ ಹುಡುಗರ ಹಾಗೆ.

ಚಾಚಿಯದೂ ನನ್ನದೂ ಒಂದೇ ಗೋಡೆ. ಆಚೆ ಅವರು ಕೆಮ್ಮಿದರೆ ಕೇಳುತ್ತಿತ್ತು, ಸೊಸೆಯನ್ನು ಬೈದರೆ ಕೇಳುತ್ತಿತ್ತು, ಅವರ ಫ್ರಿಜ್ಜಿನ ಬಾಗಿಲು ಹಾಕಿದ ಸದ್ದು ಎರಡು ಹೊತ್ತೂ ಕೇಳುತ್ತಿತ್ತು. ಹೋಗಿ ಮಾತಾಡಿಸಬಹುದಿತ್ತಲ್ಲ ಎಂದು ಓದುವವರಿಗೆ ಅನ್ನಿಸೀತು. ಕಾರಣವಿಲ್ಲದೆ ಒಂಟಿ ಗಂಡಸು, ಅದರಲ್ಲಿಯೂ ಮಾಸ್ತರ, ಪಕ್ಕದ ಮನೆಯ ಹೆಂಗಸರ ನಡುವೆ ಹೋಗಿ ಕೂರುವ ರೂಢಿ ನಮ್ಮ ಓಣಿಯಲ್ಲಿರಲಿಲ್ಲ. ಒಂದು ಶೀಶೆ ಬೇಕು, ಒಂದು ಬಟ್ಟಲು ಬೇಕು. ಏನೂ ಇಲ್ಲದೆ ಬರಿಗೈಲಿ ಹೋಗಿ "ಸುಮ್ಮನೆ ಬಂದೆ" ಎನ್ನುವುದಕ್ಕೆ ನನಗೆ ಬೇಕಾದ ಧೈರ್ಯ ಯಾವ ಯುದ್ಧದ ಪಾಠದಲ್ಲೂ ಸಿಕ್ಕಿರಲಿಲ್ಲ. ಸಂಜೆ ಮಾಸ್ತರರೊಂದಿಗೆ ಪೇಟೆ ಸುತ್ತಲು ಹೋದೆ. ಅವರೆಲ್ಲ ಮನೆಗೆ ಒಯ್ಯಲು ಏನೇನೋ ಕೊಳ್ಳುತ್ತಿದ್ದರು. ನಾನು ಧಾರಣೆ ಕೇಳಿ ಮುಂದೆ ಹೋಗುತ್ತಿದ್ದೆ. ಎರಡು ದಿನಕ್ಕೆ ಅದೂ ಸಾಕಾಯಿತು.

ಮಳೆಗಾಲ ಹಿಡಿಯುವ ಹೊತ್ತಿಗೆ, ಒಂದು ರವಿವಾರ, ಚಾಚಿಯ ಮಗ ಬಾಗಿಲಿಗೆ ಬಂದ.

"ಮಾಸ್ತರ, ಒಂಚೂರು ಬರ್ತೀರೇನು? ನಮ್ಮ ಫ್ರಿಜ್ಜಿನ ಮ್ಯಾಲಿನ ಖಾನೆ ಬರ್ಫ ಹಿಡದು ಬಾಗಿಲಾನ ಹಾಕಾಕ ಬರವಲ್ದು. ಮಾಸ್ತರಿಗೆ ಗೊತ್ತಿರ್ತೈತಿ, ಅವರನ್ನ ಕರಕೊಂಡು ಬಾ ಅಂದ್ಲು ಅಮ್ಮಾ."

ನಾನು ಅಂಗಿ ಬದಲಿಸಿಕೊಂಡು ಹೋದೆ. ಬರ್ಫ ನೋಡಲು ಹೋಗುವವನು ಇಸ್ತ್ರಿ ಅಂಗಿ ಹಾಕಬೇಕಾಗಿಲ್ಲ ಎಂಬುದು ಹೊಸ್ತಿಲು ದಾಟಿದ ಮೇಲೆ ಹೊಳೆಯಿತು.

ಐಸಿನ ಖಾನೆ ಬೆಳ್ಳಗೆ ಉಬ್ಬಿ ಅದರ ಪುಟ್ಟ ಬಾಗಿಲು ಹೊರಗೆ ಬಾಗಿತ್ತು. ನನಗಿಂತ ಮುಂಚೆಯೇ ಮಗ ಗಾದಿ ಹೊಲಿಯುವ ದಬ್ಬಣ ಹಿಡಿದು ಬರ್ಫದ ಮುಂದೆ ಬಗ್ಗಿದ್ದ. ಗೇಣುದ್ದದ ದಬ್ಬಣ.

"ಚುಚ್ಚಿ ಕೆತ್ತಿ ತಗೀಲೇನ್ರಿ?"

"ಏ, ಬ್ಯಾಡ!" ಎಂದೆ. ತರಗತಿಯ ದನಿ ಬಂದುಬಿಟ್ಟಿತು. "ಆ ಬರ್ಫದ ಹಿಂದ ಗ್ಯಾಸಿನ ನಳಿಗೆ ಅದಾವು. ಒಂದು ತೂತು ಬಿದ್ರ ಫ್ರಿಜ್ ಹೋತು. ಆವಾಗ ಖರೇನ ಗ್ಯಾಸ್ ಹೋಗತೈತಿ."

"ನಾ ಹೇಳಿಲ್ಲೇನು?" ಎಂದು ಚಾಚಿ ಮಗನ ಕೈಯಿಂದ ದಬ್ಬಣ ಕಿತ್ತುಕೊಂಡರು. "ಎಲ್ಲಾದಕ್ಕೂ ದಬ್ಬಣ. ನಾಳೆ ಹೆಂಡ್ತಿಗೆ ಹಲ್ಲು ನೋವಾದ್ರೂ ದಬ್ಬಣ ತೊಗೊಂಡ ಬರ್ತಿ. ಕುಂದರ್ರಿ ಮಾಸ್ತರ. ಏನ್ ಮಾಡೂದು ಹೇಳ್ರಿ."

ಮಾಡುವುದು ಏನೂ ಇಲ್ಲ ಎಂದೆ. ಸ್ವಿಚ್ ತೆಗೆಯಬೇಕು, ಬಾಗಿಲು ತೆರೆದಿಡಬೇಕು, ಕೆಳಗೆ ನೀರು ಹಿಡಿಯಲು ಅಗಲವಾದ ಪರಾತ ಇಡಬೇಕು, ಬರ್ಫ ತಾನಾಗಿ ಕರಗುವವರೆಗೆ ಕಾಯಬೇಕು. ಮಗ ಅಂಗಡಿಗೆ ಹೋದ. ಸೊಸೆ ಚಹಾ ತಂದಿಟ್ಟು ಒಳಗೆ ಹೋದಳು. ನಾವಿಬ್ಬರೂ ತೆರೆದ ಫ್ರಿಜ್ಜಿನ ಮುಂದೆ ಕುಳಿತೆವು, ಒಲೆಯ ಮುಂದೆ ಕುಳಿತಂತೆ. ಅದು ಕರಗುತ್ತ ಹೋಯಿತು, ಪರಾತದಲ್ಲಿ ಹನಿ ಬೀಳುತ್ತಿತ್ತು. ಬರ್ಫ ಅಷ್ಟು ನಿಧಾನ ಕರಗುತ್ತದೆ ಎಂಬುದಕ್ಕೆ ನಾನು ಎಂದೂ ಅಷ್ಟು ಋಣಿಯಾಗಿರಲಿಲ್ಲ.

"ಈಗೀಗ ಏನ್ ಅಡಿಗಿ ಮಾಡ್ತೀರಿ?"

"ಸಾರು."

"ಯಾವ ವಾರದ್ದು?"

"ಕೇಳಾವ್ರಿಲ್ಲ ಅಂತ ವಾರ ಮರ್ತೇನ್ರಿ."

ಚಾಚಿ ನಕ್ಕರು. ಆಮೇಲೆ ಪರಾತ ನೋಡುತ್ತ, "ಮಗ ಫ್ರಿಜ್ ತಂದದ್ದು ಚೊಲೋನ ಆತು, ಇಲ್ಲನ್ನಂಗಿಲ್ಲ," ಎಂದರು. "ಆದ್ರ ಮೊದಲ ಔಷಧಕ್ಕಂತ ಹೊರಗರ ಬರ್ತಿದ್ದೆ. ಈಗ ಅಡಿಗಿಮನಿ ಬಿಟ್ಟು ಹೊಸ್ತಿಲ ದಾಟೂ ಕೆಲಸಾನ ಇಲ್ಲ ನೋಡ್ರಿ."

ಹೀಗೆ ಅವರು ಹೇಳಿದರು. ನಾನೂ ಏನಾದರೂ ಹೇಳಬೇಕಾಗಿತ್ತು. ಬಗ್ಗಿ ಪರಾತದ ನೀರು ಚೆಲ್ಲಿ ಬಂದೆ.

ವಾಪಸು ಬಂದು ಕೂರುವಾಗ ತೆರೆದ ಬಾಗಿಲಿನ ಕೆಳಗಿನ ಮೂಲೆ ಕಣ್ಣಿಗೆ ಬಿತ್ತು. ಬಾಗಿಲ ಸುತ್ತ ಹಚ್ಚಿದ ರಬ್ಬರಿನ ಪಟ್ಟಿ ಆ ಮೂಲೆಯಲ್ಲಿ ಮುದುಡಿ ಒಳಗೆ ಮಡಚಿಕೊಂಡಿತ್ತು. ಜೇಬಿನಲ್ಲಿದ್ದ ಬಸ್ಸಿನ ಟಿಕೀಟನ್ನು ಅಲ್ಲಿಟ್ಟು ಬಾಗಿಲು ಮುಚ್ಚಿ ಎಳೆದು ನೋಡಿದೆ, ಟಿಕೀಟು ತಡೆಯಿಲ್ಲದೆ ಈಚೆ ಬಂತು. ಬರ್ಫ ಇಷ್ಟು ಬೇಗ ಬೆಳೆಯಲು ಅದೇ ಕಾರಣ. ಮಳೆಗಾಲದ ಹಸಿ ಗಾಳಿ ಆ ಸಂದಿಯಿಂದ ಒಳಗೆ ಹೋಗಿ ಮೇಲೆ ಹೆಪ್ಪುಗಟ್ಟುತ್ತಿತ್ತು. ಹಾಗೇ ಬಿಟ್ಟರೆ ಎರಡು ವಾರಕ್ಕೆ ಖಾನೆ ಮತ್ತೆ ಉಬ್ಬುತ್ತದೆ, ಮಗ ಮತ್ತೆ ನನ್ನ ಬಾಗಿಲಿಗೆ ಬರುತ್ತಾನೆ, ಇನ್ನೊಂದು ರವಿವಾರ, ಇನ್ನೊಂದು ಪರಾತ. ಮಳೆಗಾಲ ಉದ್ದವಾದದ್ದು. ಬಿಸಿನೀರಿನಲ್ಲಿ ಅದ್ದಿದ ಬಟ್ಟೆಯನ್ನು ಸ್ವಲ್ಪ ಹೊತ್ತು ಒತ್ತಿ ಹಿಡಿದರೆ ರಬ್ಬರು ಮೆತ್ತಗಾಗಿ ತನ್ನ ಜಾಗಕ್ಕೆ ಕೂರುತ್ತದೆ. ನನ್ನ ಫ್ರಿಜ್ಜಿಗೆ ಮೆಕ್ಯಾನಿಕ್ ಹೀಗೆ ಮಾಡಿದ್ದನ್ನು ನೋಡಿದ್ದೆ.

ಮೊಟ್ಟೆಯ ಕುಳಿಯಲ್ಲಿ ಶೀಶೆ ಇರಲಿಲ್ಲ. ಸ್ವಿಚ್ ತೆಗೆದಿದ್ದರಿಂದ ಚಾಚಿ ಅದನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಮಡಿಲಲ್ಲಿ ಹಿಡಿದುಕೊಂಡಿದ್ದರು. ಖಾನೆ ಉಬ್ಬಿ ಬಾಗಿಲು ಹಾಕಲಾಗದ ದಿನ ಅದು ಬೆಚ್ಚಗೇ ಇದ್ದಿರಬೇಕು.

"ಚಾಚಿ, ಸ್ವಲ್ಪ ಬಿಸಿನೀರು ಕೊಡ್ರಿ."

"ಯಾಕ್ರಿ? ಇನ್ನೊಂದು ಚಾ ಮಾಡಸ್ತೀನಿ, ಬರೇ ನೀರು ಯಾಕ ಕುಡೀತೀರಿ?"

"ಕುಡ್ಯಾಕಲ್ರಿ. ಬಾಗಿಲಿಗೆ."

ಮೊಣಕಾಲೂರಿ ಕುಳಿತು ಬಟ್ಟೆ ಅದ್ದಿ ಅದ್ದಿ ಒತ್ತಿದೆ. ರಬ್ಬರು ಮೊದಲು ಹಟ ಮಾಡಿತು, ಆಮೇಲೆ ಮೆತ್ತಗಾಗಿ ಹೊರಳಿತು. ಟಿಕೀಟು ಇಟ್ಟು ಎಳೆದೆ, ಬರಲಿಲ್ಲ. ಜೋರಾಗಿ ಎಳೆದೆ, ಹರಿಯಿತು. ಅಷ್ಟರಲ್ಲಿ ಉಳಿದ ಬರ್ಫವೂ ಒಂದೇ ಗಡ್ಡೆಯಾಗಿ ಪರಾತಕ್ಕೆ ಬಿತ್ತು. ಒರೆಸಿ ಸ್ವಿಚ್ ಹಾಕಿದೆ. ಚಾಚಿ ಶೀಶೆಯನ್ನು ಅದರ ಕುಳಿಯಲ್ಲಿಟ್ಟರು.

"ಮತ್ತ ಬರ್ಫ ಹಿಡಿದಾಗ ಕರೀತೀನಿ ಮಾಸ್ತರ. ಬರಬೇಕು."

"ಬರ್ತೀನ್ರಿ."

"ಯಾವಾಗ ಹಿಡೀತೈತಿ?"

"ಇನ್ನ ಲಗೂನ ಹಿಡಿಯಾಂಗಿಲ್ರಿ ಚಾಚಿ," ಎಂದೆ.

ಆ ಮಳೆಗಾಲ ಪೂರ್ತಿ ಬರ್ಫ ಹಿಡಿಯಲಿಲ್ಲ. ದೀಪಾವಳಿಯ ಹೊತ್ತಿಗೆ ಬೀದಿಯಲ್ಲಿ ಸಿಕ್ಕ ಮಗ, ಫ್ರಿಜ್ ಭಾಳ ಚೊಲೋ ನಡದೈತ್ರಿ, ನಿಮ್ಮ ಕೈ ಗುಣ ಎಂದ.